ಪೋಷಕತ್ವದಲ್ಲಿ ಮಗುವನ್ನು ಮನೆಗೆ ಕರೆತರುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಮೊದಲು ಬಂದವನು ಒಬ್ಬ ಹುಡುಗ. ಹದಿನಾಲ್ಕು ತಿಂಗಳಿದ್ದು ಅಮ್ಮನ ಹತ್ತಿರ ವಾಪಸ್ ಹೋದ. ಈಗ ಒಬ್ಬಳು ಹುಡುಗಿ ಇದ್ದಾಳೆ, ಏಳನೇ ಕ್ಲಾಸು. ಅಂದಿನಿಂದ ನೆಂಟರು, ನೆಂಟರ ನೆಂಟರು, ಗಂಡನ ಆಫೀಸಿನವರು ಎಲ್ಲರೂ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಾರೆ. ಅರ್ಧ ಜನ "ಎಷ್ಟು ದುಡ್ಡು ಕೊಡ್ತಾರೆ" ಅಂತ ಶುರು ಮಾಡುತ್ತಾರೆ. ಉಳಿದರ್ಧ "ಆಮೇಲೆ ನಮ್ಮದೇ ಆಗುತ್ತಾ" ಅಂತ. ಎರಡಕ್ಕೂ ಕೆಳಗೆ ಉತ್ತರ ಇದೆ, ಆದರೆ ಮೊದಲಿಂದ ಓದಿ.

ಪೋಷಕತ್ವ ಅಂದರೆ ದತ್ತು ತಾನೇ?

ಅಲ್ಲ. ಎಲ್ಲ ಗೊಂದಲವೂ ಇಲ್ಲೇ ಹುಟ್ಟುವುದು.

ದತ್ತು ತೆಗೆದುಕೊಂಡರೆ ಮಗು ಕಾನೂನಿನ ಪ್ರಕಾರ ನಿಮ್ಮದೇ. ಹೆಸರು, ಆಸ್ತಿ, ವಂಶ ಎಲ್ಲ ನಿಮ್ಮದು. ಪೋಷಕತ್ವದಲ್ಲಿ, ಅಂದರೆ ಜನ ಫಾಸ್ಟರ್ ಕೇರ್ ಅನ್ನುವುದರಲ್ಲಿ, ಮಗು ನಿಮ್ಮ ಮನೆಯಲ್ಲಿ ಬೆಳೆಯುತ್ತದೆ, ಅಷ್ಟೇ. ಅದರ ಸ್ವಂತ ಮನೆ ಸದ್ಯಕ್ಕೆ ಅದನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ, ಬಾಲಮಂದಿರದಲ್ಲಿ ಬೆಳೆಯುವುದಕ್ಕಿಂತ ಒಂದು ಮನೆಯಲ್ಲಿ ಬೆಳೆದರೆ ಒಳ್ಳೆಯದು ಅಂತ ನಿಮ್ಮ ಹತ್ತಿರ ಬಿಟ್ಟಿರುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಬಿಡುವುದೂ ವಾಪಸ್ ಕರೆಸಿಕೊಳ್ಳುವುದೂ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ. ಒಂದು ವರ್ಷದೊಳಗಿನದು ಅಲ್ಪಾವಧಿ, ಅದಕ್ಕಿಂತ ಜಾಸ್ತಿ ಆದರೆ ದೀರ್ಘಾವಧಿ. ದೀರ್ಘಾವಧಿ ಮಗುವಿಗೆ 18 ತುಂಬುವವರೆಗೂ ಹೋಗಬಹುದು, ಆದರೆ ನಡುನಡುವೆ ಪರಿಶೀಲನೆ ನಡೆಯುತ್ತಲೇ ಇರುತ್ತದೆ.

ನಮ್ಮಲ್ಲಿ ಸಾಕು ಮಗ, ಸಾಕು ಮಗಳು ಅನ್ನುವ ಮಾತು ಹಳೆಯದು. ಆದರೆ ಆ ಮಾತಿನಲ್ಲಿ "ಇನ್ನು ಇವನು ನಮ್ಮವನೇ" ಅನ್ನುವ ಅರ್ಥವೂ ಸೇರಿಕೊಂಡುಬಿಟ್ಟಿದೆ. ಇಲ್ಲಿ ಆ ಅರ್ಥ ಇಟ್ಟುಕೊಂಡು ಬಂದರೆ ನಿಮಗೂ ಕಷ್ಟ, ಮಗುವಿಗೂ ಕಷ್ಟ.

ಪುಟ್ಟ ಪಾಪು ಸಿಗುತ್ತಾ?

ಅದನ್ನು ನಂಬಿಕೊಂಡು ಬರಬೇಡಿ. ದತ್ತು ಹೋಗಬಹುದಾದ ಮಗುವನ್ನು ದೀರ್ಘಾವಧಿ ಪೋಷಕತ್ವಕ್ಕೆ ಕೊಡಬಾರದು ಅಂತ ಕಾಯ್ದೆಯಲ್ಲೇ ಇದೆ. ಹಾಗಾಗಿ ಇಲ್ಲಿ ಬರುವವರು ಸಾಮಾನ್ಯವಾಗಿ 6 ವರ್ಷ ದಾಟಿದವರು. ಎಷ್ಟೋ ಮಕ್ಕಳು ಹನ್ನೆರಡು, ಹದಿಮೂರು ವರ್ಷದವರು. ಅಪ್ಪ ಜೈಲಿನಲ್ಲಿರಬಹುದು. ಅಮ್ಮನಿಗೆ ವಾಸಿಯಾಗದ ಕಾಯಿಲೆ ಇರಬಹುದು, ಮನಸ್ಸಿನ ಕಾಯಿಲೆ ಇರಬಹುದು. ಮನೆಯವರಿದ್ದೂ ಬಾಲಮಂದಿರಕ್ಕೆ ವರ್ಷಗಟ್ಟಲೆ ಯಾರೂ ಬಂದು ನೋಡದೇ ಇರಬಹುದು. ಅಂದರೆ ಈ ಮಕ್ಕಳಿಗೆ ನೆನಪುಗಳಿವೆ. ತಮ್ಮದೇ ಊರು, ತಮ್ಮದೇ ಸಾರಿನ ರುಚಿ ಇದೆ. ಖಾಲಿ ಸ್ಲೇಟು ಅಲ್ಲ.

ಅಣ್ಣ ತಂಗಿ ಇದ್ದರೆ ಒಟ್ಟಿಗೆ ಇಡಲು ಆದಷ್ಟೂ ನೋಡುತ್ತಾರೆ. ಇಬ್ಬರನ್ನು ಕರೆತರಲು ಜಾಗ, ಧೈರ್ಯ ಎರಡೂ ಇದ್ದರೆ ಮೊದಲೇ ಹೇಳಿ.

ಯಾರು ಪೋಷಕರಾಗಬಹುದು? ನಾನು ಮದುವೆಯಾಗಿಲ್ಲ.

ಆಗಬಹುದು. ಹಳೆಯ 2016ರ ಮಾರ್ಗಸೂಚಿ ಗಂಡ ಹೆಂಡತಿಯನ್ನಷ್ಟೇ ಒಪ್ಪುತ್ತಿತ್ತು. 2024ರಲ್ಲಿ ಕೇಂದ್ರ ಸರ್ಕಾರ ಅದನ್ನು ಬದಲಿಸಿತು. ಈಗ ಮದುವೆಯಾಗದವರು, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರು, ವಿಚ್ಛೇದನ ಆದವರು, ಕಾನೂನುಬದ್ಧವಾಗಿ ಬೇರೆಯಾದವರು ಎಲ್ಲರೂ ಅರ್ಜಿ ಹಾಕಬಹುದು. ಒಂಟಿ ಹೆಂಗಸು ಹುಡುಗನನ್ನೂ ಸಾಕಬಹುದು, ಹುಡುಗಿಯನ್ನೂ ಸಾಕಬಹುದು. ಒಂಟಿ ಗಂಡಸಿಗೆ ಹುಡುಗನನ್ನು ಮಾತ್ರ ಕೊಡುತ್ತಾರೆ.

ವಯಸ್ಸಿನ ಲೆಕ್ಕ ಹೀಗಿದೆ: ದಂಪತಿಯಾದರೆ ಇಬ್ಬರ ವಯಸ್ಸು ಸೇರಿ ಕನಿಷ್ಠ 70 ಆಗಬೇಕು, ಮದುವೆಯಾಗಿ ಕನಿಷ್ಠ 2 ವರ್ಷ ಆಗಿರಬೇಕು. ಒಬ್ಬರೇ ಆದರೆ ಕನಿಷ್ಠ 35. ಮೇಲಿನ ಮಿತಿ ಮಗುವಿನ ವಯಸ್ಸಿನ ಮೇಲೆ ಹೋಗುತ್ತದೆ. ಭಾರತದ ಪ್ರಜೆಗಳಾಗಿರಬೇಕು, ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆ ಆಗಿರಬಾರದು, ಮನೆಯವರೆಲ್ಲರ ಆರೋಗ್ಯ ತಪಾಸಣೆ ಆಗಬೇಕು.

ಸ್ವಂತ ಮಕ್ಕಳಿದ್ದರೂ ಅಡ್ಡಿಯಿಲ್ಲ. ಬಾಡಿಗೆ ಮನೆಯಾದರೂ ಆಗುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ, ಮಗು ಶಾಲೆಯಿಂದ ಬಂದಾಗ ಬಾಗಿಲು ತೆಗೆಯುವವರು ಯಾರು ಅನ್ನುವುದಕ್ಕೆ ಒಂದು ಉತ್ತರ ಇರಲಿ.

ಎಲ್ಲಿಗೆ ಹೋಗಬೇಕು? ಏನೇನು ನಡೆಯುತ್ತದೆ?

ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಡಿ ಕೆಲಸ ಮಾಡುವ ಕಚೇರಿ ಅದು. "ಡಿಸಿಪಿಯು ಎಲ್ಲಿ" ಅಂತ ಕೇಳಿದರೆ ದಾರಿ ತೋರಿಸುತ್ತಾರೆ. ಅಂಗನವಾಡಿ ಟೀಚರ್ ಹತ್ತಿರ ವಿಚಾರಿಸಿದರೂ ಆಗುತ್ತದೆ. ನಮಗೆ ದಾರಿ ಹೇಳಿದ್ದು ಅವರೇ. ದತ್ತು ಪ್ರಕ್ರಿಯೆ ನಡೆಸುವ ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲೂ ಈಗ ಪೋಷಕತ್ವಕ್ಕೆ ನೋಂದಣಿ ಇದೆ, ಆದರೆ ನನ್ನ ಮಾತು ಕೇಳುವುದಾದರೆ ಒಮ್ಮೆ ಮುಖತಃ ಹೋಗಿ ಮಾತಾಡಿ. ಮುಂದೆ ವರ್ಷಗಟ್ಟಲೆ ಇದೇ ಜನರ ಜೊತೆ ಒಡನಾಟ ಇರುತ್ತದೆ.

ಆಧಾರ್, ವಿಳಾಸದ ಪುರಾವೆ, ಆದಾಯದ ಪುರಾವೆ, ಮದುವೆ ದಾಖಲೆ, ಮೆಡಿಕಲ್ ವರದಿ, ಫೋಟೊ ಕೇಳುತ್ತಾರೆ. ನಿಮ್ಮನ್ನು ಬಲ್ಲ ಇಬ್ಬರ ಹೆಸರು ಕೊಡಬೇಕು, ಅವರ ಹತ್ತಿರವೂ ವಿಚಾರಿಸುತ್ತಾರೆ. ಪೊಲೀಸ್ ವೆರಿಫಿಕೇಶನ್ ಆಗುತ್ತದೆ. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಇತ್ತ ಮಗುವಿನ ಬಗ್ಗೆಯೂ ಒಂದು ವರದಿ ತಯಾರಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಮಗು ಯಾವ ಮನೆಗೆ ಹೊಂದುತ್ತದೆ ಅಂತ ನೋಡುತ್ತಾರೆ. ಭಾಷೆ, ಊಟ, ವಾಡಿಕೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಮಗುವಿನ ಒಪ್ಪಿಗೆಯನ್ನೂ ಕೇಳುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಇದೇ, ಏಕೆಂದರೆ ಅಲ್ಲಿಯವರೆಗೆ ಆ ಹುಡುಗನ ಬದುಕಿನಲ್ಲಿ "ನಿನಗೆ ಇಷ್ಟಾನಾ" ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಕೊನೆಗೆ ಮಕ್ಕಳ ಕಲ್ಯಾಣ ಸಮಿತಿ ಆದೇಶ ಕೊಡುತ್ತದೆ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಇದು ಸುಮ್ನೆ ಒಂದು ಕಮಿಟಿ ಅಲ್ಲ, ಮ್ಯಾಜಿಸ್ಟ್ರೇಟ್ ಪೀಠಕ್ಕಿರುವ ಅಧಿಕಾರ ಇದಕ್ಕಿದೆ. ನೀವು ಒಂದು ಮುಚ್ಚಳಿಕೆ ಬರೆದುಕೊಡಬೇಕು. ಆದೇಶದ ಪ್ರತಿಯನ್ನು ನಾಲ್ಕೈದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಶಾಲೆ, ಆಸ್ಪತ್ರೆ, ಬ್ಯಾಂಕು, ಎಲ್ಲಿ ಹೋದರೂ ಕೇಳುವುದು ಅದನ್ನೇ.

ಮನೆ ನೋಡಲು ಬಂದವರು ಏನು ಕೇಳುತ್ತಾರೆ?

ನಾನು ಎರಡು ದಿನ ಮನೆ ತೊಳೆದೆ. ಅವರು ನೆಲ ನೋಡಲೇ ಇಲ್ಲ. ಮಗು ಎಲ್ಲಿ ಮಲಗುತ್ತದೆ, ಮನೆಯಲ್ಲಿ ಯಾರು ಯಾರಿದ್ದಾರೆ, ಕುಡಿಯುವವರಿದ್ದಾರಾ, ಸಿಟ್ಟು ಬಂದರೆ ನೀವು ಏನು ಮಾಡುತ್ತೀರಿ, ಜಗಳ ಆದಾಗ ಯಾರು ಮೊದಲು ಮಾತಾಡುತ್ತೀರಿ, ಇಂಥವೇ ಪ್ರಶ್ನೆಗಳು. ನಮ್ಮ ಅತ್ತೆಯನ್ನು ಬೇರೆ ಕೂರಿಸಿಕೊಂಡು ಕೇಳಿದರು. ಅತ್ತೆ ನೇರವಾಗಿ "ನನಗೆ ಅಷ್ಟೇನೂ ಇಷ್ಟ ಇರಲಿಲ್ಲ, ಈಗ ಪರವಾಗಿಲ್ಲ" ಅಂದುಬಿಟ್ಟರು! ಅಷ್ಟಕ್ಕೇ ಅರ್ಜಿ ಬಿದ್ದುಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ನಿಜ ಹೇಳಿದರೆ ಕೆಲಸ ಸಲೀಸು. ಸಾಲ ಇದ್ದರೆ ಹೇಳಿ, ಡಯಾಬಿಟಿಸ್ ಇದ್ದರೆ ಹೇಳಿ.

"ಯಾಕೆ ಬೇಕು" ಅನ್ನುವ ಪ್ರಶ್ನೆಗೆ ಮಾತ್ರ ಗಂಡ ಹೆಂಡತಿ ಮೊದಲೇ ಕೂತು ಮಾತಾಡಿಕೊಳ್ಳಿ. ಮನೆಗೆಲಸಕ್ಕೆ ಒಂದು ಕೈ ಸಿಗುತ್ತದೆ, ವಯಸ್ಸಾದವರಿಗೆ ಜೊತೆ ಆಗುತ್ತದೆ, ಪುಣ್ಯ ಬರುತ್ತದೆ, ಇವು ಯಾವುವೂ ಸಾಲುವುದಿಲ್ಲ. ಮೊದಲನೆಯದಂತೂ ಅಪರಾಧ.

ದುಡ್ಡು ಎಷ್ಟು ಕೊಡುತ್ತಾರೆ?

ಮಿಷನ್ ವಾತ್ಸಲ್ಯ ಯೋಜನೆಯಡಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮೊದಲು 2,000 ಇತ್ತು. ಬ್ಯಾಂಕ್ ಖಾತೆಗೆ ಬರುತ್ತದೆ. ಅನುಕೂಲ ಇರುವವರು ಬೇಡ ಅನ್ನಲೂಬಹುದು.

ಇದು ಸಂಬಳ ಅಲ್ಲ. ಬೆಳೆಯುವ ಹುಡುಗನ ಹಾಲು, ಮೊಟ್ಟೆ, ಶಾಲೆ ಬ್ಯಾಗು, ಆಟೋ ಲೆಕ್ಕ ಹಾಕಿದರೆ 4,000 ಎಲ್ಲಿಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. ದುಡ್ಡು ಪ್ರತಿ ತಿಂಗಳೂ ಒಂದನೇ ತಾರೀಖಿಗೆ ಬರುತ್ತದೆ ಅಂತಲೂ ಅಂದುಕೊಳ್ಳಬೇಡಿ. ನಮಗೆ ಒಂದು ಸಲ ನಾಲ್ಕು ತಿಂಗಳದ್ದು ಒಟ್ಟಿಗೆ ಬಂತು, ಅದುವರೆಗೆ ಕೈಯಿಂದಲೇ. ಆ ದುಡ್ಡು ಇಲ್ಲದಿದ್ದರೂ ಮನೆ ನಡೆಯುತ್ತದೆ ಅನ್ನುವಂತಿದ್ದರೆ ಮಾತ್ರ ಮುಂದುವರಿಯಿರಿ. ಏನಕ್ಕೆ ಖರ್ಚಾಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಯಾರಾದರೂ ಕೇಳಿದರೆ ತಡಬಡಾಯಿಸುವ ಹಾಗಿರುವುದಿಲ್ಲ.

ದುಡ್ಡು ಬಿಟ್ಟು ಬೇರೆ ಏನು ಸಹಾಯ ಇದೆ?

ಮಕ್ಕಳ ಕಲ್ಯಾಣ ಸಮಿತಿಯವರು ತಿಂಗಳಿಗೊಮ್ಮೆ ಮನೆಗೆ ಬಂದು ನೋಡಬೇಕು ಅಂತ ಬಾಲನ್ಯಾಯ ಕಾಯ್ದೆಯಲ್ಲಿದೆ. ಜನ ಇದನ್ನು ತಪಾಸಣೆ ಅಂತ ಹೆದರುತ್ತಾರೆ. ತಪಾಸಣೆ ಹೌದು, ಆದರೆ ನಿಮ್ಮ ಕಷ್ಟ ಹೇಳಿಕೊಳ್ಳುವ ಜಾಗವೂ ಅದೇ. ಓದಿನಲ್ಲಿ ಹಿಂದಿದ್ದಾಳೆ, ರಾತ್ರಿ ಬೆಚ್ಚುತ್ತಾಳೆ, ದಾಖಲೆ ಸಿಗುತ್ತಿಲ್ಲ, ಏನಿದ್ದರೂ ಆಗಲೇ ಹೇಳಿ. ಬಂದವರಿಗೆ ಕಾಫಿ ಕೊಟ್ಟು "ಎಲ್ಲ ಚೆನ್ನಾಗಿದೆ" ಅಂತ ಕಳಿಸಿದರೆ ನಷ್ಟ ನಿಮಗೇ.

ಶಾಲೆಯ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವರ್ಷದ ನಡುವೆ ಬಂತು ಅಂತಲೋ ವಯಸ್ಸಿನ ದಾಖಲೆ ಇಲ್ಲ ಅಂತಲೋ ಸೀಟು ನಿರಾಕರಿಸುವಂತಿಲ್ಲ. ನಮ್ಮ ಹುಡುಗನ ಟಿಸಿ ಬರುವುದಕ್ಕೆ ಮೂರು ತಿಂಗಳು ಹಿಡಿಯಿತು, ಆದರೆ ಅವನು ಎರಡನೇ ವಾರದಲ್ಲೇ ಕ್ಲಾಸಿನಲ್ಲಿ ಕೂತಿದ್ದ.

ಮನಸ್ಸಿನ ವಿಷಯಕ್ಕೆ ಬಂದರೆ, ಕೌನ್ಸೆಲಿಂಗ್ ಬೇಕು ಅಂತ ಜಿಲ್ಲಾ ಘಟಕದವರಿಗೆ ಹೇಳಿದರೆ ವ್ಯವಸ್ಥೆ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ, ಧಾರವಾಡ ಕಡೆಯವರಿಗೆ ಡಿಮ್ಹಾನ್ಸ್ ಹತ್ತಿರ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರಿಗೆ ಮಗುವಿಗೋಸ್ಕರ ಅಲ್ಲ, ನಾನೇ ನನಗೋಸ್ಕರ ಒಂದು ರಾತ್ರಿ ಫೋನ್ ಮಾಡಿದ್ದೇನೆ. ಮಗುವಿಗೆ ತಕ್ಷಣದ ಅಪಾಯ ಇದ್ದರೆ ಮಕ್ಕಳ ಸಹಾಯವಾಣಿ 1098.

ಮೊದಲ ತಿಂಗಳು ಹೇಗಿರುತ್ತದೆ?

ಮೊದಲ ಹತ್ತು ದಿನ ಮಗು ತುಂಬಾ ಒಳ್ಳೆಯದು. ಹೇಳಿದ ಮಾತು ಕೇಳುತ್ತದೆ, ತಟ್ಟೆ ತೊಳೆದಿಡುತ್ತದೆ. "ಅಯ್ಯೋ ಎಷ್ಟು ಸುಲಭ" ಅಂತ ನೀವು ಎಲ್ಲರಿಗೂ ಹೇಳಿಕೊಂಡು ಬರುತ್ತೀರಿ. ಅದು ನೆಂಟರ ಮನೆಯಲ್ಲಿರುವ ಹಾಗೆ ಇರುವುದು, ಅಷ್ಟೇ. ನಿಜವಾದ ಮಗು ಆಮೇಲೆ ಬರುತ್ತದೆ.

ನಮ್ಮ ಹುಡುಗ ದಿಂಬಿನ ಕೆಳಗೆ ಚಪಾತಿ ಬಚ್ಚಿಡುತ್ತಿದ್ದ. ಇರುವೆ ಬಂದ ಮೇಲೆ ನಮಗೆ ಗೊತ್ತಾಗಿದ್ದು. ಬೈಯಬೇಕು ಅನ್ನಿಸಿತು, ಬೈಯಲಿಲ್ಲ. ಕೌನ್ಸೆಲರ್ ಹೇಳಿದ ಹಾಗೆ ಒಂದು ಡಬ್ಬಿಗೆ ಬಿಸ್ಕತ್ತು, ಕಡಲೆಕಾಯಿ ಹಾಕಿ "ಇದು ನಿಂದು, ಯಾವಾಗ ಬೇಕಾದರೂ ತಿನ್ನು, ಖಾಲಿಯಾದರೆ ಹೇಳು" ಅಂತ ಅವನ ಹಾಸಿಗೆ ಪಕ್ಕ ಇಟ್ಟೆವು. ಎರಡು ತಿಂಗಳು ದಿನಾ ಅದನ್ನು ಎಣಿಸುತ್ತಿದ್ದ. ಆಮೇಲೆ ಒಂದು ದಿನ ಡಬ್ಬಿ ಖಾಲಿಯಾಗಿದೆ ಅಂತ ನನಗೆ ಹೇಳುವುದನ್ನೇ ಮರೆತ. ಅವತ್ತು ನಾನು ಗಂಡನಿಗೆ ಫೋನ್ ಮಾಡಿ ಹೇಳಿದೆ.

ಹುಡುಗಿಯ ಕಥೆ ಬೇರೆ. ಅವಳಿಗೆ ಬೆಲ್ ಬೇಕಿತ್ತು! ಬಾಲಮಂದಿರದಲ್ಲಿ ಏಳಲು, ಊಟಕ್ಕೆ, ಓದಲು ಎಲ್ಲದಕ್ಕೂ ಬೆಲ್. ಮನೆಯಲ್ಲಿ ಯಾರೂ ಬೆಲ್ ಹೊಡೆಯದೆ ಅವಳಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಗೋಡೆ ಮೇಲೆ ಟೈಮ್‌ಟೇಬಲ್ ಬರೆದು ಅಂಟಿಸಿದೆವು. ಅಮ್ಮ ಅಂತ ಕರೆ ಅಂತ ಒತ್ತಾಯ ಮಾಡಬೇಡಿ. ನನ್ನನ್ನು ಅವಳು ಈಗಲೂ ಆಂಟಿ ಅಂತಲೇ ಕರೆಯುವುದು, ಏನೂ ಕೊರತೆಯಾಗಿಲ್ಲ.

ಸುಳ್ಳು ಹೇಳುತ್ತಾರೆ, ಚಿಲ್ಲರೆ ಎತ್ತಿಕೊಳ್ಳುತ್ತಾರೆ, ಹಾಸಿಗೆ ಒದ್ದೆ ಮಾಡುತ್ತಾರೆ. ಎಲ್ಲರೂ ಅಲ್ಲ, ಆದರೆ ಮಾಡಿದರೆ ಆಶ್ಚರ್ಯ ಪಡಬೇಡಿ. ಹಿಂದೆ ಯಾರೋ ಮಾಡಿದ ಕೆಟ್ಟ ಕೆಲಸದ ಬಗ್ಗೆ ಮಗು ಬಾಯಿ ಬಿಟ್ಟರೆ ಮಾತ್ರ ಮನೆಯೊಳಗೇ ಇಟ್ಟುಕೊಳ್ಳಬೇಡಿ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಲ್ಲಿ ಕಡ್ಡಾಯ.

ತಪ್ಪು ಮಾಡಿದರೆ ಎರಡು ಏಟು ಕೊಡಬಾರದಾ?

ಬಾರದು. ನಮ್ಮನ್ನೂ ಹೊಡೆದೇ ಬೆಳೆಸಿದರು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಈ ಮಕ್ಕಳಲ್ಲಿ ಎಷ್ಟೋ ಜನ ಏಟು ತಪ್ಪಿಸಿಕೊಂಡೇ ಇಲ್ಲಿಯವರೆಗೆ ಬಂದವರು. ಮಗುವಿನ ಮೇಲಿನ ಕ್ರೌರ್ಯಕ್ಕೆ ಬಾಲನ್ಯಾಯ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು ಇದೆ.

ಮಗುವಿನ ಅಪ್ಪ ಅಮ್ಮ ಬಂದು ನೋಡಬಹುದಾ?

ನೋಡಬಹುದು. ಅದು ಅವರ ಹಕ್ಕು, ಮಗುವಿನ ಹಕ್ಕೂ ಹೌದು. ಮಗುವಿಗೆ ಒಳ್ಳೆಯದಲ್ಲ ಅನ್ನಿಸಿದರೆ ಸಮಿತಿ ಕಾರಣ ಬರೆದು ತಡೆಯಬಹುದು, ನೀವು ತಡೆಯುವಂತಿಲ್ಲ. ಭೇಟಿಯಾದ ಮಾರನೇ ದಿನ ಮಗು ಸಿಡಿಮಿಡಿ ಅನ್ನುತ್ತದೆ, ಜ್ವರವೂ ಬರಬಹುದು. "ಅವರು ಬಂದು ಹೋದ ಮೇಲೆ ಹೀಗಾಡ್ತಾಳೆ, ಬರೋದೇ ಬೇಡ" ಅಂತ ನಿಮಗೆ ಅನ್ನಿಸುತ್ತದೆ. ಅನ್ನಿಸಲಿ, ಬಾಯಿ ಬಿಡಬೇಡಿ. ಅವರ ಅಮ್ಮನ ಬಗ್ಗೆ ಮಗುವಿನ ಮುಂದೆ ಒಂದೂ ಕೆಟ್ಟ ಮಾತು ಆಡಬೇಡಿ.

ಸ್ಟೇಟಸ್‌ನಲ್ಲಿ ಮಗುವಿನ ಫೋಟೊ ಹಾಕಬಹುದಾ?

ಬೇಡ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡುವುದಕ್ಕೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಇದೆ, ಎರಡೂ ಆಗಬಹುದು. ಮನೆಯ ಆಲ್ಬಮ್ಮಿಗೆ ಬೇಕಾದಷ್ಟು ತೆಗೆಯಿರಿ.

ನಮ್ಮ ಇನಿಶಿಯಲ್ ಹಾಕಬಹುದಾ? ಆಸ್ತಿ ಕೊಡಬೇಕಾ?

ಹೆಸರು ಬದಲಿಸುವಂತಿಲ್ಲ. ಶಾಲೆಯಲ್ಲಿ ತಂದೆ ತಾಯಿ ಹೆಸರಿನ ಜಾಗದಲ್ಲಿ ಹೆತ್ತವರ ಹೆಸರೇ ಇರುತ್ತದೆ. ಪೋಷಕತ್ವದಿಂದ ನಿಮ್ಮ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಅವರ ಕಡೆಯ ಹಕ್ಕೂ ಹೋಗುವುದಿಲ್ಲ. ಈ ಕೊನೆಯದನ್ನು ನೆನಪಿಡಿ, ಎಷ್ಟೋ ಮಕ್ಕಳಿಗೆ ಊರಲ್ಲಿ ಅರ್ಧ ಎಕರೆಯಾದರೂ ಇರುತ್ತದೆ.

ಮುಂದೆ ದತ್ತು ತೆಗೆದುಕೊಳ್ಳಬಹುದಾ?

ದಾರಿ ಇದೆ, ಆದರೆ ಇಕ್ಕಟ್ಟಿನ ದಾರಿ. ಮಗು ನಿಮ್ಮಲ್ಲಿ 2 ವರ್ಷ ಇದ್ದ ಮೇಲೆ ಅರ್ಜಿ ಹಾಕಬಹುದು. 2024ಕ್ಕೆ ಮುಂಚೆ ಇದು 5 ವರ್ಷ ಇತ್ತು. ಆದರೆ ಮಗು ದತ್ತಿಗೆ ಕಾನೂನಿನ ಪ್ರಕಾರ ಮುಕ್ತ ಅಂತ ಸಮಿತಿ ಘೋಷಿಸಿರಬೇಕು. ಅಪ್ಪ ಅಮ್ಮ ಇದ್ದು, ಬಿಟ್ಟುಕೊಟ್ಟಿಲ್ಲ ಅಂದರೆ ಆಗುವುದಿಲ್ಲ. ದತ್ತು ಆದೇಶ ಈಗ ಕೋರ್ಟಿನಿಂದಲ್ಲ, ಜಿಲ್ಲಾಧಿಕಾರಿಯಿಂದ.

ದತ್ತೇ ಬೇಕಾಗಿದ್ದರೆ ನೇರವಾಗಿ ದತ್ತಿಗೇ ಅರ್ಜಿ ಹಾಕಿ. ಅಲ್ಲಿ ಕಾಯಬೇಕು ಅಂತ ಇಲ್ಲಿಗೆ ಅಡ್ಡದಾರಿ ಹಿಡಿದು ಬರಬೇಡಿ. ಖಾರವಾಗಿ ಹೇಳಿದೆ ಅನ್ನಿಸಬಹುದು, ಆದರೆ ಬೇಸರ ಮಾಡಿಕೊಂಡು ಹೋದವರನ್ನು ನೋಡಿದ್ದೇನೆ.

ನಮಗೆ ಗೊತ್ತಿರುವ ಬಡವರ ಮಗು ಇದೆ. ಸುಮ್ನೆ ನಮ್ಮ ಮನೆಯಲ್ಲಿ ಇಟ್ಟುಕೊಂಡರೆ?

ಬೇಡವೇ ಬೇಡ. ಬಾಂಡ್ ಪೇಪರ್ ಮೇಲೆ ಬರೆಸಿಕೊಂಡೆವು ಅಂತಾರೆ, ಆ ಪೇಪರಿಗೆ ಬೆಲೆ ಇಲ್ಲ. ಕ್ರಮ ಬಿಟ್ಟು ದತ್ತಿಗೆ ಕೊಟ್ಟರೂ ತೆಗೆದುಕೊಂಡರೂ 3 ವರ್ಷದವರೆಗೆ ಜೈಲು, ದುಡ್ಡು ಕೈ ಬದಲಾದರೆ 5 ವರ್ಷದವರೆಗೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ರೀಲ್ಸ್ ಮಾಡುವವರೊಬ್ಬರನ್ನು ಇಂಥದ್ದೇ ಆರೋಪದ ಮೇಲೆ ಬಂಧಿಸಿದ್ದು ನೆನಪಿರಬಹುದು.

ನಿಜವಾಗಿ ಆ ಮಗುವಿಗೆ ಸಹಾಯ ಮಾಡಬೇಕು ಅಂತಿದ್ದರೆ ಪ್ರಾಯೋಜಕತ್ವ ಯೋಜನೆಯ ಬಗ್ಗೆ ಅವರ ಮನೆಯವರಿಗೆ ಹೇಳಿ. ಅದರಲ್ಲೂ ತಿಂಗಳಿಗೆ 4,000 ರೂಪಾಯಿ, ಮಗು ಅದರ ಮನೆಯಲ್ಲೇ ಇರುತ್ತದೆ. ವಿಧವೆ ತಾಯಿ, ಅಜ್ಜಿ ಸಾಕುತ್ತಿರುವ ಮಗು, ಇಂಥವರಿಗೆ. ಆದಾಯ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ನಗರದಲ್ಲಿ 96,000. ಅರ್ಜಿ ಕೊಡುವುದು ಇದೇ ಜಿಲ್ಲಾ ಘಟಕಕ್ಕೆ.

ನಾವು ದುಬೈನಲ್ಲಿದ್ದೇವೆ, ಲಂಡನ್‌ನಲ್ಲಿದ್ದೇವೆ.

ಇಲ್ಲಿಯ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಪೋಷಕತ್ವದಲ್ಲಿ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದವರು ಅಲ್ಲಿಯ ಸ್ಥಳೀಯ ಕೌನ್ಸಿಲ್‌ನಲ್ಲಿ ಕೇಳಿ, ಅಲ್ಲೂ ಮಕ್ಕಳಿದ್ದಾರೆ.

ನಮ್ಮ ಕೈಲಿ ಆಗಲಿಲ್ಲ ಅಂದರೆ?

ಹೇಳಿ. ಬೇಗ ಹೇಳಿ. ನಾಲ್ಕು ತಿಂಗಳು ಹಲ್ಲು ಕಚ್ಚಿಕೊಂಡಿದ್ದು ಒಂದು ರಾತ್ರಿ "ಕರೆದುಕೊಂಡು ಹೋಗಿ" ಅಂತ ಫೋನ್ ಮಾಡುವುದಕ್ಕಿಂತ, ಎರಡನೇ ವಾರದಲ್ಲೇ ಕಷ್ಟ ಆಗುತ್ತಿದೆ ಅಂದರೆ ಏನಾದರೂ ಮಾಡಲು ಸಾಧ್ಯ. ಹೊಂದದಿದ್ದರೆ ಮಗುವನ್ನು ಬೇರೆ ಮನೆಗೆ ಕಳಿಸುತ್ತಾರೆ. ಯಾರೂ ನಿಮ್ಮನ್ನು ಜೈಲಿಗೆ ಹಾಕುವುದಿಲ್ಲ.

18 ಆದ ಮೇಲೆ?

ಆದೇಶ ಮುಗಿಯುತ್ತದೆ. ಆಮೇಲಿನ ಆರೈಕೆ ಅಂತ 21 ವರ್ಷದವರೆಗೆ ನೆರವು ಇದೆ, ಅಗತ್ಯ ಬಿದ್ದರೆ 23ರವರೆಗೆ. ಮನೆಯಲ್ಲೇ ಇಟ್ಟುಕೊಳ್ಳುವುದು, ಬಿಡುವುದು ನಿಮಗೂ ಅವರಿಗೂ ಬಿಟ್ಟಿದ್ದು.

ವಾಪಸ್ ಹೋಗುವಾಗ ನೋವಾಗುವುದಿಲ್ಲವಾ?

ಆಗುತ್ತದೆ. ನಾನು ಎಂಟು ದಿನ ಆ ಕೋಣೆಯ ಬಾಗಿಲು ತೆಗೆಯಲಿಲ್ಲ.

ಕಳಿಸುವುದನ್ನು ಒಂದೇ ದಿನದ ಕೆಲಸ ಮಾಡಬೇಡಿ. ಮೊದಲು ಒಂದು ಭಾನುವಾರ, ಆಮೇಲೆ ಒಂದು ರಾತ್ರಿ, ಆಮೇಲೆ ದಸರಾ ರಜೆ ಪೂರ್ತಿ, ಹೀಗೆ ಹಂತ ಹಂತವಾಗಿ ಕಳಿಸೋಣ ಅಂತ ಸಮಿತಿಯನ್ನು ಕೇಳಿಕೊಳ್ಳಿ. ನಾವು ಕೇಳಿದ್ದಕ್ಕೆ ಒಪ್ಪಿದರು. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಒಂದು ಒಳ್ಳೆ ಬ್ಯಾಗು ತೆಗೆದುಕೊಡಿ. ಅದರಲ್ಲಿ ಟಿಸಿ, ಮಾರ್ಕ್ಸ್ ಕಾರ್ಡು, ಲಸಿಕೆ ಕಾರ್ಡು, ಡಾಕ್ಟರ್ ಚೀಟಿಗಳು, ಆಲ್ಬಮ್. ಅವನಿಗೆ ಏನಿಷ್ಟ, ಯಾವುದಕ್ಕೆ ಹೆದರುತ್ತಾನೆ, ಯಾವ ಮಾತ್ರೆ ಆಗುವುದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಅವನ ಅಮ್ಮನ ಕೈಗೆ ಕೊಟ್ಟೆ. ಆಕೆ ಓದಲು ಬಾರದು ಅಂದರು. ಹಾಗಾಗಿ ಅಲ್ಲೇ ಜಗಲಿ ಮೇಲೆ ಕೂತು ಓದಿ ಹೇಳಿದೆ. "ಕತ್ತಲಿಗೆ ಹೆದರ್ತಾನೆ" ಅನ್ನುವಲ್ಲಿ ಆಕೆ ನಕ್ಕು, "ಅದು ನಂಗೊತ್ತು, ಹುಟ್ಟಿದಾಗ್ಲಿಂದ್ಲೂ ಹಂಗೇ" ಅಂದರು.